ಎಲೆ ಅಗಿಸಿ ಸಕ್ಕರೆ ಕೊಡುತ್ತಿದ್ದ ಸರ್

ನಿಮಗೆ ಯಾರಾದರೂ ಒಂದು ಎಲೆ ಕೊಟ್ಟು, "ಚೆನ್ನಾಗಿ ಅಗಿಯಿರಿ, ನಾಲಗೆಯ ಮೇಲೆಲ್ಲ ಆಡಿಸಿ" ಎಂದು ಹೇಳಿ, ಆಮೇಲೆ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದ್ದುಂಟಾ? ನೀವು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆಯವರಾಗಿದ್ದು, ಈಚಿನ ವರ್ಷಗಳಲ್ಲಿ ನಾಲ್ಕು ಮದುವೆ, ಎರಡು ಗೃಹಪ್ರವೇಶಕ್ಕೆ ಹೋದವರಾದರೆ ಆಗಿರಬಹುದು. ಆ ಎಲೆ ತಿಂದ ಮೇಲೆ ಸಕ್ಕರೆ ಸಿಹಿಯಾಗುವುದಿಲ್ಲ. ಕಾಪು ಬೀಚಿನಲ್ಲಿ ಮುಗ್ಗರಿಸಿ ಬಿದ್ದು ಬಾಯಿಗೆ ಹೊಯಿಗೆ ಹೋದರೆ ಹೇಗೋ ಹಾಗೆ. ನೀವು ಕಣ್ಣರಳಿಸಿ ನೋಡುತ್ತೀರಿ. ಎದುರು ನಿಂತವರು ಬಲಗೈಯ ತೋರುಬೆರಳು ಎತ್ತಿ, "ನೋಡಿದಿರಾ? ನಾಲಗೆಯ ಮೇಲೆಯೇ ಸಕ್ಕರೆಯನ್ನು ಕೊಂದಿತು. ರಕ್ತದಲ್ಲಿ ಬಿಡುತ್ತದಾ?" ಎಂದು ಕೇಳುತ್ತಾರೆ.

ಆ ಬೆರಳಿನವರು ಹೋದ ವಾರ ತೀರಿಕೊಂಡರು.

ಅಂದಿನಿಂದ ನನ್ನ ಫೇಸ್‌ಬುಕ್ಕಿನಲ್ಲಿ ಬೇರೆ ಎಂತದೂ ಇಲ್ಲ. ಸರಳ ಸಜ್ಜನ, ಸಸ್ಯಪ್ರೇಮಿ, ನಡೆದಾಡುವ ಪ್ರಯೋಗಾಲಯ. ಎಲ್ಲರ ಹತ್ತಿರವೂ ಅವರ ಜೊತೆ ನಿಂತ ಒಂದು ಫೋಟೋ ಉಂಟು, ಫೋಟೋದಲ್ಲಿ ಎಲ್ಲರ ಕೈಯಲ್ಲೂ ಒಂದು ಎಲೆ ಉಂಟು. ನಾನು ದಿನಾ ಎಂತಾದರೂ ಬರೆಯುವವಳು, ಇದಕ್ಕೆ ಮಾತ್ರ ಸುಮ್ಮನಿದ್ದೇನೆ ಎಂದು ಇಬ್ಬರು ಮೂವರು ಇನ್‌ಬಾಕ್ಸಿಗೆ ಬಂದು ಕೇಳಿದರು. ಸರಿ, ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಗೊತ್ತಿದ್ದವರು ಕಮೆಂಟಿನಲ್ಲಿ ಹಾಕುವುದೂ ಬೇಡ, ಅವರ ಹೆಂಡತಿ ಒಳ್ಳೆಯ ಹೆಂಗಸು. ಸತ್ತವರ ಬಗ್ಗೆ ಒಳ್ಳೆಯದೇ ಹೇಳಬೇಕು ಎನ್ನುವವರು ಇಲ್ಲಿಂದಲೇ ಸ್ಕ್ರೋಲ್ ಮಾಡಿ. ಸತ್ತವರಿಗೆ ಒಳ್ಳೆಯದು ಹೇಳುವುದಕ್ಕೆ ಬೇಕಾದಷ್ಟು ಜನ ಉಂಟು. ನನಗೆ ಹೇಳಬೇಕಾದದ್ದು ಬದುಕಿರುವ ನನ್ನ ಅಣ್ಣನ ಬಲಗಾಲಿನ ಬಗ್ಗೆ.

ಮೊದಲು ಸರ್ ಹೇಗಿದ್ದರು ಎಂದು ಹೇಳುತ್ತೇನೆ.

ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಮಧುನಾಶಿನಿ ಎಲೆ. ನಮ್ಮ ಕಡೆ ಕಾಡಿನ ಬದಿಯಲ್ಲಿ, ಹಳೆಯ ಬೇಲಿಗಳಲ್ಲಿ ಹಬ್ಬುವ ಬಳ್ಳಿ ಅದು. ಹಳಬರು ಸಣ್ಣಗೆರಸೆ ಎನ್ನುತ್ತಾರೆ. ಇವರು ಕಾಲೇಜಿನಿಂದ ರಿಟೈರ್ ಆದ ಮೇಲೆ ಕಾರ್ಕಳದ ಹತ್ತಿರ ಮದ್ದು ಕೊಡುವ ಒಬ್ಬರು ಅಜ್ಜಿ ಇವರಿಗೆ ಆ ಬಳ್ಳಿ ತೋರಿಸಿದ್ದಂತೆ. ಅಜ್ಜಿ ಇವರ ಭಾಷಣದಲ್ಲಿ ಒಂದು ಸಲವೂ ಬಂದದ್ದಿಲ್ಲ. "ನಾನು ಗುರುತಿಸಿದ ಗಿಡ" ಎನ್ನುತ್ತಿದ್ದರು. ಇಡೀ ಪಶ್ಚಿಮ ಘಟ್ಟ ಇವರಿಗೆ ಪೆನ್ಶನ್ ಶುರುವಾಗುವುದನ್ನೇ ಕಾದು ಕೂತಿತ್ತು ಎನ್ನುವ ಹಾಗೆ.

ಬೇರೆಯವರು ಎದುರು ಸಿಕ್ಕಿದರೆ "ಊಟ ಆಯ್ತಾ" ಎಂದು ಕೇಳುತ್ತಾರಲ್ಲ, ಇವರು "ಶುಗರ್ ಉಂಟಾ" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಉಂಟು ಎಂದವನ ಕೈ ಹಿಡಿದರೆ ಬಿಡುತ್ತಿರಲಿಲ್ಲ.

ಕಾರ್ಕಳದ ಒಂದು ಹಾಲಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟದ ಹಂತಿಯಲ್ಲಿ ಪಾಯಸ ಬರುವ ಮೊದಲೇ ಇವರು ಎದ್ದು, ಸಾಲಿನ ಉದ್ದಕ್ಕೂ ಎಲೆ ಹಂಚಿಕೊಂಡು ಹೋದರು. ದೊಡ್ಡವರು ಕೊಟ್ಟದ್ದಲ್ಲವಾ, ಎಲ್ಲರೂ ಅಗಿದರು. ಹಿಂದಿನಿಂದ ಪಾಯಸ ಬಂತು. ಮದುಮಗನ ಸೋದರಮಾವ ಒಂದು ಬಾಯಿ ಕುಡಿದು, ಇದು ಪಾಯಸವಾ ಗಂಜಿಯಾ ಎಂದು ಜೋರಾಗಿ ಕೇಳಿದರು. ಹೆಣ್ಣಿನ ಕಡೆಯವರ ಮುಖ ಕೆಂಪಾಯಿತು. ಒಳಗಿನಿಂದ ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ವಿಷಯ ಗೊತ್ತಾದ ಮೇಲೆ ಅವರು ಸರ್ ಎದುರು ನಿಂತು, "ಪಾಯಸಕ್ಕೆ ಬೆಲ್ಲ ಹಾಕಿದ್ದು ನಾನು. ತೆಗೆಯಲಿಕ್ಕೆ ನೀವು ಯಾರು ಸ್ವಾಮಿ?" ಎಂದು ಕೇಳಿದರು. ಇಡೀ ಹಾಲ್ ನಕ್ಕಿತು. ಸರ್ ಕೂಡ ನಕ್ಕರು, ಅವರ ಪ್ರಯೋಗ ಯಶಸ್ವಿಯಾಗಿತ್ತಲ್ಲ. ಭಟ್ಟರೊಬ್ಬರೇ ನಗಲಿಲ್ಲ.

"ಪ್ರಯೋಗ ಮಾಡದೆ ಯಾವುದನ್ನೂ ನಂಬಬೇಡಿ." ಇದು ಅವರ ಖಾಯಂ ಮಾತು. ಆ ಬೆರಳೆತ್ತಿ ಹೇಳುತ್ತಿದ್ದರು. ಕೇಳಲಿಕ್ಕೆ ಬಹಳ ಚಂದ. ನಾಲಗೆಗೂ ರಕ್ತಕ್ಕೂ ನಡುವೆ ಒಂದು ಇಡೀ ಮನುಷ್ಯನ ದೇಹ ಉಂಟು ಎಂದು ಕೆಮಿಸ್ಟ್ರಿ ಕಲಿಸಿದ ಇವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಸಕ್ಕರೆ ಮರಳಾದಾಗ ಜನರ ಮುಖದಲ್ಲಿ ಕಾಣುವ ಆ ಬೆರಗು ಉಂಟಲ್ಲ, ಅದರ ಚಟ ಹತ್ತಿತ್ತು ಅವರಿಗೆ.

ಕಾರ್ಕಳದ ಒಂದು ಕಾಲೇಜಿನಲ್ಲಿ ಅವರು ಲೆಕ್ಚರರ್ ಆಗಿದ್ದರು. ನಾನೂ ಅಲ್ಲಿಯೇ ಓದಿದವಳು, ಕಾಮರ್ಸ್. ಅವರ ದೃಷ್ಟಿಯಲ್ಲಿ ಕಾಮರ್ಸ್‌ನವರು ಬೆಂಚು ಡೆಸ್ಕುಗಳ ಲೆಕ್ಕಕ್ಕೆ ಸೇರಿದವರು. ನನ್ನ ಅಣ್ಣ ಸೈನ್ಸ್, ಅವರ ಕೈಯಲ್ಲಿಯೇ ಕಲಿತವನು. ಅವರ ಲ್ಯಾಬಿನ ಕಥೆಯನ್ನು ಅಣ್ಣ ಬಸ್ಸಿನಲ್ಲಿಯೂ ಹೇಳಿಕೊಂಡು ನಗುತ್ತಿದ್ದ. ಉದ್ದದ ಗಾಜಿನ ಕೊಳವೆಯಿಂದ ಆಸಿಡ್ ತೊಟ್ಟು ತೊಟ್ಟಾಗಿ ಬಿಡಬೇಕು, ಬಣ್ಣ ಹೋದ ಕೂಡಲೇ ನಿಲ್ಲಿಸಿ ಎಷ್ಟು ಖರ್ಚಾಯಿತು ಎಂದು ಬರೆಯಬೇಕು. ಬರಬೇಕಾದ ಉತ್ತರ ಎಷ್ಟು ಎಂದು ಮೊದಲೇ ಎಲ್ಲರಿಗೂ ಗೊತ್ತು. ಹಾಗಾಗಿ ಇಡೀ ಕ್ಲಾಸು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿತ್ತು, ಸರ್ ಎಲ್ಲದಕ್ಕೂ ಸರಿ ಹಾಕುತ್ತಿದ್ದರು. ಅಣ್ಣ ಮಾತ್ರ ಕೊಳವೆಯಲ್ಲಿ ಕಂಡದ್ದನ್ನೇ ಬರೆದ. ಸರ್ ಅದರ ಮೇಲೆ ಕೆಂಪು ಗೆರೆ ಎಳೆದು, ಎಲ್ಲರ ಎದುರು, ನಿನ್ನ ಕಣ್ಣು ಹಾಳಾ ಕೈ ಹಾಳಾ ಎಂದು ಕೇಳಿದರಂತೆ.

"ಎರಡೂ ಅಲ್ಲ ಸರ್," ಎಂದನಂತೆ ಇವನು. "ಕೊಳವೆ ತೂತು."

ಕೊಳವೆ ನಿಜವಾಗಿಯೂ ಸೋರುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಅಣ್ಣ ಕೆಮಿಸ್ಟ್ರಿಯಲ್ಲಿ ಫೇಲಾದ, ಮನೆಯಲ್ಲಿ ಕೂರಿಸಿ ಓದಿಸುವ ಸ್ಥಿತಿ ನಮ್ಮದಲ್ಲ, ಬಸ್ಸು ಹತ್ತಿದ. ಕಾಪುವಿನಿಂದ ಶಿರ್ವ, ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಆ ರೂಟಿನಲ್ಲಿ ಓಡಾಡುವವರಿಗೆ ಅವನ ಗಂಟಲು ಗೊತ್ತು. ಬಸ್ಸು ಹೊರಟ ಮೇಲೆ ಓಡಿ ಬಂದು ಫುಟ್‌ಬೋರ್ಡಿಗೆ ಹಾರುವುದು, ಒಂದು ಕಾಲಿನ ಮೇಲೆ ನಿಂತು ಹೊರಗೆ ಬಾಗಿ ಊರುಗಳ ಹೆಸರು ಕೂಗುವುದು, ಅದು ಅವನಿಗೆ ಕೆಲಸ ಅಲ್ಲ, ಖುಷಿ. ವಯಸ್ಸು ಐವತ್ತು ದಾಟಿದ ಮೇಲೂ ಬಸ್ಸು ಪೂರಾ ನಿಂತ ಮೇಲೆ ಹತ್ತಿದರೆ ಮರ್ಯಾದೆ ಹೋದ ಹಾಗೆ ಮಾಡುತ್ತಿದ್ದ.

ಅಣ್ಣನಿಗೆ ಶುಗರ್ ಇತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದ, ಹತೋಟಿಯಲ್ಲಿತ್ತು. ಕೊರೊನಾ ಮುಗಿದ ಮರುವರ್ಷ ಕಾರ್ಕಳದಲ್ಲಿ ಸರ್ ಚೀಲದ ತುಂಬ ಎಲೆ ತುಂಬಿಸಿಕೊಂಡು ಇವನ ಬಸ್ಸು ಹತ್ತಿದರು. ಇವನು ಮುಂದಿನ ಸೀಟಿನಲ್ಲಿ ಕೂತಿದ್ದವರನ್ನು ಎಬ್ಬಿಸಿ ಅವರನ್ನು ಕೂರಿಸಿದ. ನಾನು ನಿಮ್ಮ ಸ್ಟೂಡೆಂಟ್ ಸರ್ ಎಂದ. ಯಾವ ಬ್ಯಾಚ್ ಎಂದು ಕೇಳಿದರು. "ಫೇಲಾದ ಬ್ಯಾಚ್ ಸರ್" ಎಂದ. ಅವರಿಗೆ ನೆನಪಾಗಲಿಲ್ಲ. ಆದರೆ ಶುಗರ್ ಉಂಟು ಎಂದು ಗೊತ್ತಾದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಂಡರಂತೆ. ಟಿಕೆಟ್ ಕೊಡುವವನನ್ನೇ ಕೂರಿಸಿಕೊಂಡರೆ ಬಸ್ಸಿನ ಗತಿ ಎಂತ ಎಂದು ಡ್ರೈವರ್ ಬೈದನಂತೆ.

ಅಂಬಲಪಾಡಿಯಲ್ಲಿ ಸರ್ ಮನೆ. ಜಗಲಿಯ ಮೇಲಕ್ಕೆ ಆ ಬಳ್ಳಿಯನ್ನೇ ಹಬ್ಬಿಸಿ ಚಪ್ಪರ ಮಾಡಿದ್ದರು. ಚಂದ ಸಾಕಿದ್ದರು, ಅದನ್ನು ಇಲ್ಲ ಎನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ಅದರ ಕೆಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಖಾಲಿ ಹೊಟ್ಟೆಯಲ್ಲಿ ಜನ ಬಂದು ಕೂರುತ್ತಿದ್ದರು. ಹೆಚ್ಚಿನವರು ರಿಟೈರ್ ಆದವರು, ಅವರಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ಒಬ್ಬರು ಹೈಸ್ಕೂಲ್ ಟೀಚರ್ ಆಗಿದ್ದವರು. ದುಬೈಯಿಂದ ಮಗ ಕಳಿಸಿದ ಶುಗರ್ ನೋಡುವ ಮೆಷಿನ್ ಹಿಡಿದುಕೊಂಡು ಸರ್ ಒಬ್ಬೊಬ್ಬರ ಬೆರಳು ಚುಚ್ಚಿ ರೀಡಿಂಗ್ ಕೂಗುತ್ತಿದ್ದರು. ಕಡಿಮೆ ಬಂದರೆ ಗಟ್ಟಿ ದನಿ, ಜಾಸ್ತಿ ಬಂದರೆ ಗಂಟಲಲ್ಲೇ. ಚುಚ್ಚಿಸಿಕೊಂಡ ಮೇಲೆ ಎಲೆ, ಎಲೆಯಾಗಿ ಸ್ವಲ್ಪ ಹೊತ್ತಿನ ಮೇಲೆ ಅವರ ಹೆಂಡತಿ ಎಲ್ಲರಿಗೂ ಸಕ್ಕರೆ ಇಲ್ಲದ ಕಾಫಿ ತರುತ್ತಿದ್ದರು. ಸರ್ ಲೋಟ ಮಾತ್ರ ಬೇರೆ, ಅದರಲ್ಲಿ ಸಕ್ಕರೆ ಉಂಟು. ಅವರಿಗೆ ಶುಗರ್ ಇರಲಿಲ್ಲ. ಎಲೆಯನ್ನೂ ಅವರು ತಿನ್ನುತ್ತಿರಲಿಲ್ಲ. ಕಾಫಿಯ ರುಚಿ ಹೋಗುತ್ತದೆ ಎಂದು.

ಒಬ್ಬರ ಹತ್ತಿರವೂ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಈಗ ಎಲ್ಲರೂ ದೊಡ್ಡ ಗುಣ ಎಂದು ಬರೆಯುತ್ತಿದ್ದಾರೆ. ನನಗೆ ಅನಿಸುವುದು ಬೇರೆ. ತೆಗೆದುಕೊಂಡಿದ್ದರೆ ಯಾರಾದರೂ ಒಬ್ಬ ಪ್ರಶ್ನೆ ಕೇಳುತ್ತಿದ್ದ. ಸಂತೆಕಟ್ಟೆಯಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ ಉಂಟು. ಒಂದು ಹೇರ್‌ಕ್ಲಿಪ್ ಕಡಿದು ಹೋದರೆ ಹೆಂಗಸರು ಬಂದು ನನ್ನ ಜನ್ಮ ಜಾಲಾಡಿಸುತ್ತಾರೆ. ಧರ್ಮಕ್ಕೆ ಕೊಟ್ಟದ್ದನ್ನು ಯಾರು ಕೇಳುತ್ತಾರೆ?

ಸರ್ ಅವರದ್ದು ಒಂದೇ ಕರಾರು. ಎಲೆ ತಿನ್ನುವವರು ಡಾಕ್ಟರ ಮಾತ್ರೆ ನಿಲ್ಲಿಸಬೇಕು. "ಎರಡು ದೋಣಿಯಲ್ಲಿ ಕಾಲಿಡಬೇಡಿ. ಎರಡೂ ಒಟ್ಟಿಗೆ ತಿಂದರೆ ಯಾವುದರ ಗುಣ ಅಂತ ನನಗೆ ಗೊತ್ತಾಗುವುದು ಹೇಗೆ?" ಎನ್ನುತ್ತಿದ್ದರು. ಆ ಮಾತಿನಲ್ಲಿ "ನನಗೆ" ಎನ್ನುವುದನ್ನು ನೋಡಿ. ಇಲಿಗಳ ಮೇಲೆ ಮಾಡುವ ಕೆಲಸವನ್ನು, ಡಾಕ್ಟರು ಪಕ್ಕದಲ್ಲಿ ನಿಂತು ಮಾಡುವ ಕೆಲಸವನ್ನು, ಈ ಮನುಷ್ಯ ಕಾಫಿ ಕುಡಿದುಕೊಂಡು ಜಗಲಿಯಲ್ಲಿ ಮಾಡುತ್ತಿದ್ದರು.

ಅಣ್ಣನೂ ಭಾನುವಾರ ಅಲ್ಲಿಗೆ ಹೋಗುತ್ತಾನೆ ಎಂದು ಸುದ್ದಿ ಸಿಕ್ಕಿದ ದಿನವೇ ನಾನು ಅವನಿಗೆ ಫೋನು ಮಾಡಿದೆ. ಎಲೆ ತಿನ್ನು, ಹುಲ್ಲು ತಿನ್ನು, ಬೇಕಾದರೆ ಚಪ್ಪರವನ್ನೇ ತಿನ್ನು, ಮಾತ್ರೆ ಮಾತ್ರ ಬಿಡಬೇಡ ಎಂದೆ. ಆಯ್ತು ಮಾರಾಯ್ತಿ, ಬಿಡುವುದಿಲ್ಲ ಎಂದ. ಅತ್ತಿಗೆಯ ಹತ್ತಿರ, ಡಾಕ್ಟರೇ ನಿಲ್ಲಿಸಲಿಕ್ಕೆ ಹೇಳಿದ್ದಾರೆ ಎಂದ. ಎರಡೂ ಸುಳ್ಳು. ಸರ್ ಒಬ್ಬರ ಹತ್ತಿರ ಸತ್ಯವಂತ ಆಗುವುದಕ್ಕೆ ಮನೆಯವರಿಗೆಲ್ಲ ಸುಳ್ಳು ಹೇಳಿದ ಈ ಮಹಾನುಭಾವ. ಅವನ ಮೇಲೂ ನನಗೆ ಸಿಟ್ಟು ಉಂಟು, ಇಲ್ಲ ಎನ್ನುವುದಿಲ್ಲ. ಫೇಲ್ ಮಾಡಿದ ಮೇಷ್ಟ್ರ ಎದುರು ಐವತ್ತು ದಾಟಿದ ಮೇಲೆ ಪಾಸಾಗಲಿಕ್ಕೆ ಹೊರಟವನಿಗೆ ಎಂತ ಹೇಳುವುದು?

ಎಲೆ ತಿಂದದ್ದು ಅವನು ನಿಯತ್ತಿನಿಂದ. ಬೆಳಿಗ್ಗೆ ಬಸ್ಸು ಹೊರಡುವ ಮೊದಲು, ಮಧ್ಯಾಹ್ನ ಕಾರ್ಕಳದಲ್ಲಿ. ಟೀ ಕುಡಿದರೆ ಬಿಸಿನೀರು ಕುಡಿದ ಹಾಗೆ ಆಗುತ್ತದೆ ಎಂದು ಟೀ ಬಿಟ್ಟ. ಆದರೂ ಅವನ ರೀಡಿಂಗ್ ವಾರದಿಂದ ವಾರಕ್ಕೆ ಮೇಲೆ ಹೋಯಿತು. ಮ್ಯಾನೇಜರದ್ದು ಚೆನ್ನಾಗಿ ಬರುತ್ತಿತ್ತು, ಟೀಚರದ್ದು ಇನ್ನೂ ಚೆನ್ನಾಗಿ. ಒಂದು ಭಾನುವಾರ ಸರ್ ಮೆಷಿನ್ ಕೆಳಗಿಟ್ಟು, ಎಲ್ಲರೂ ಕೂತಿರುವಾಗಲೇ ಕೇಳಿದರಂತೆ.

"ಇವರೆಲ್ಲರದ್ದೂ ಸರಿ ಬರುತ್ತದೆ. ನಿನ್ನದೊಂದು ಯಾಕೆ ಬರುವುದಿಲ್ಲ? ಬಸ್ ಸ್ಟ್ಯಾಂಡಿನಲ್ಲಿ ಗೋಳಿಬಜೆ ತಿಂದು ಬಂದು ನನ್ನ ಹತ್ತಿರ ಉಪವಾಸ ಅಂತ ಹೇಳ್ತೀಯಾ?"

"ಇಲ್ಲ ಸರ್. ದೇವರಾಣೆಗೂ ತಿಂದಿಲ್ಲ."

"ವಿಜ್ಞಾನದಲ್ಲಿ ಆಣೆ ನಡೆಯುವುದಿಲ್ಲ."

ಉಳಿದವರು ಕಾಫಿ ಲೋಟದೊಳಗೆ ನೋಡಿದರಂತೆ. ಈ ಮಾತು ಅಣ್ಣ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಅವತ್ತು ಮನೆಗೆ ಬಂದು ಅತ್ತಿಗೆಗೆ ಇನ್ನು ನನಗೆ ರಾತ್ರಿ ಊಟ ಬೇಡ ಎಂದನಂತೆ, ಅಷ್ಟೇ. ಎಲೆ ಜಾಸ್ತಿ ಮಾಡಿದ, ಅನ್ನ ಕಡಿಮೆ ಮಾಡಿದ. ಅಂಗಿ ಸಡಿಲ ಆಯಿತು. ದಿನಾ ಬರುವ ಪ್ಯಾಸೆಂಜರುಗಳು, ಓ ಕಂಡಕ್ಟರೇ, ಹೀರೋ ಆಗ್ತಾ ಇದ್ದೀರಿ ಎಂದು ತಮಾಷೆ ಮಾಡಿದರು. ಸರ್ ನೋಡಿ, ಈಗ ಎಲೆ ಹಿಡಿಯುತ್ತಾ ಉಂಟು ಎಂದರು. ಅದು ಕಾಯಿಲೆ ಮನುಷ್ಯನನ್ನು ಒಳಗಿನಿಂದ ತಿನ್ನುವುದು ಎಂದು ಹೇಳಲಿಕ್ಕೆ ಅಲ್ಲಿ ಯಾರೂ ಇರಲಿಲ್ಲ. ಹೇಳಬಹುದಾಗಿದ್ದ ಡಾಕ್ಟರ ಕಡೆಗೆ ಇವನು ಹೋಗುವುದನ್ನೇ ಬಿಟ್ಟಿದ್ದ.

ಫುಟ್‌ಬೋರ್ಡಿನ ತಗಡು ಒಂದು ಕಡೆ ಹರಿದು ಮೇಲೆ ಎದ್ದಿತ್ತು. ಅದು ಚಪ್ಪಲಿ ದಾಟಿ, ಶುಗರಿನಿಂದ ಮರಗಟ್ಟಿದ್ದ ಅವನ ಪಾದಕ್ಕೆ ಹೊಕ್ಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಪುವಿನಲ್ಲಿ ಇಳಿಯುವಾಗ ಕಾಲೇಜಿಗೆ ಹೋಗುವ ಒಬ್ಬಳು, ಕಂಡಕ್ಟರೇ ನಿಮ್ಮ ಚಪ್ಪಲಿಯಲ್ಲಿ ರಕ್ತ ಉಂಟು ಎಂದಳಂತೆ. ಕೆಳಗೆ ನೋಡಿದ. ನೋವಿಲ್ಲ. ನೋವಿಲ್ಲ ಅಲ್ವಾ, ಹಾಗಾಗಿ ಏನಿಲ್ಲ ಎಂದುಕೊಂಡ. ಬಟ್ಟೆ ಕಟ್ಟಿ ಬಸ್ಸು ಹತ್ತಿದ. ವಾಸನೆ ಬಂದ ಮೇಲೆ ಅತ್ತಿಗೆ ನನಗೆ ಫೋನು ಮಾಡಿದರು. ನಾನು ಹೋಗಿ ನೋಡಿದಾಗ ಎರಡು ಬೆರಳು ಕಪ್ಪಾಗಿತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಮಾತ್ರೆ ತೆಗೆದುಕೊಳ್ತೀರಿ ಎಂದು ಕೇಳಿದರು. ಅಣ್ಣ ಅತ್ತಿಗೆಯ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಗೋಡೆ ನೋಡಿಕೊಂಡು ಹೇಳಿದ. ಡಾಕ್ಟರು ಚಿಕ್ಕ ವಯಸ್ಸಿನವರು, ಬೈಯಲಿಲ್ಲ. ಬೆರಳುಗಳು ಉಳಿಯುವುದಿಲ್ಲ, ಪಾದ ಉಳಿಸಲಿಕ್ಕೆ ನೋಡುತ್ತೇವೆ, ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಿಕ್ಕೆ ಆಗುವುದಿಲ್ಲ ಎಂದರು. ಅಣ್ಣ ಕೇಳಿದ್ದು ಒಂದೇ, ಬಸ್ಸಿಗೆ ಹೋಗಬಹುದಾ ಎಂದು. ಪ್ಯಾಸೆಂಜರ್ ಆಗಿ ಹೋಗಬಹುದು ಎಂದರು ಡಾಕ್ಟರು.

ಮರುದಿನ ಭಾನುವಾರ. ನಾನು ಸೀದಾ ಅಂಬಲಪಾಡಿಗೆ ಹೋದೆ. ಚಪ್ಪರದ ಕೆಳಗೆ ಎಲ್ಲ ಕುರ್ಚಿಗಳೂ ತುಂಬಿದ್ದವು. ಸರ್ ಟೀಚರ ಬೆರಳು ಹಿಡಿದುಕೊಂಡಿದ್ದರು. ನಾನು ಯಾರು ಎಂದು ಹೇಳಿದೆ. ಅಣ್ಣ ಎಲ್ಲಿದ್ದಾನೆ, ಅವನ ಕಾಲಿಗೆ ಎಂತ ಆಗಿದೆ, ಎಲ್ಲ ಹೇಳಿದೆ. ಆಮೇಲೆ ಕೇಳಿದೆ, ಇಲ್ಲಿ ಮಾತ್ರೆ ನಿಲ್ಲಿಸಿದವರು ಯಾರ್ಯಾರು, ಕೈ ಎತ್ತಿ.

"ಎಲ್ಲರೂ ನಿಲ್ಲಿಸಿದ್ದಾರೆ," ಎಂದರು ಸರ್.

ಒಂದು ಕೈಯೂ ಮೇಲೆ ಹೋಗಲಿಲ್ಲ.

ಟೀಚರ್ ಮೊದಲು ಬಾಯಿ ಬಿಟ್ಟರು. ಅವರ ಸೊಸೆ ನರ್ಸ್ ಅಂತೆ, ಎದುರು ನಿಂತು ನುಂಗಿಸುತ್ತಾಳಂತೆ, ಮನೆಯಲ್ಲಿ ಸುಮ್ಮನೆ ಜಗಳ ಯಾಕೆ ಎಂದು ತೆಗೆದುಕೊಳ್ಳುತ್ತಿದ್ದರಂತೆ. ಇನ್ನೊಬ್ಬರು ಅರ್ಧ ಮಾತ್ರೆ ಎಂದರು. ಮತ್ತೊಬ್ಬರು, ಮಾತ್ರೆ ಅಲ್ಲ ತಾನು ಇನ್ಸುಲಿನ್ ತೆಗೆದುಕೊಳ್ಳುವುದು, ಅದು ಮಾತ್ರೆಯ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದರು. ಕೊನೆಗೆ ಮ್ಯಾನೇಜರು, ಬ್ಯಾಂಕಿನಲ್ಲಿ ಸಾಲ ಇಲ್ಲ ಎಂದು ಹೇಳುವಾಗ ಇದ್ದಿರಬಹುದಾದ ಅದೇ ನಯದ ದನಿಯಲ್ಲಿ ನನಗೆ ತಿಳಿಸಿ ಹೇಳಿದರು.

"ಸರ್ ಅಷ್ಟು ಪ್ರೀತಿಯಿಂದ ಮಾಡ್ತಾರೆ. ನಿಲ್ಲಿಸಿಲ್ಲ ಅಂತ ಹೇಳಿದ್ರೆ ಅವರಿಗೆ ಬೇಜಾರಾಗ್ತದೆ ಅಲ್ವಾ? ನಿಮ್ಮ ಅಣ್ಣನೂ ಹಾಗೆಯೇ ಅಂತ ನಾವು ಗ್ರಹಿಸಿದ್ದು. ಯಾರು ನಿಜವಾಗಿ ನಿಲ್ಲಿಸ್ತಾರೆ ಮಾರಾಯ್ತಿ?"

ಈಗ ಅರ್ಥ ಆಯಿತಲ್ಲ? ಅಷ್ಟು ಜನರಲ್ಲಿ ಆ ಎಲೆಯ ಪರೀಕ್ಷೆ ನಿಜವಾಗಿ ನಡೆದದ್ದು ಒಬ್ಬನ ಮೇಲೆ. ಆ ಒಬ್ಬನನ್ನು ಸರ್ ಕಳ್ಳ ಎಂದಿದ್ದರು. ಆ ಹೊತ್ತಿಗೆ ಮಾತ್ರೆ ನುಂಗಿ ಬಂದ ಇವರೆಲ್ಲ ಸುತ್ತ ಕೂತು ಕಾಫಿ ಕುಡಿದಿದ್ದರು. ನಮ್ಮ ಊರಿನ ದಾಕ್ಷಿಣ್ಯ ಇದು. ಯಾರ ಮನಸ್ಸನ್ನೂ ನೋಯಿಸುವುದಿಲ್ಲ ನಾವು. ಕಾಲು ಹೋದರೆ ಹೋಗಲಿ.

ಸರ್ ಎದ್ದು ನಿಂತರು. ಟೀಚರ ಬೆರಳು ಬಿಟ್ಟರು. ಈಗ ಕ್ಷಮೆ ಕೇಳುತ್ತಾರೆ, ನಾನು ಎಂತ ಹೇಳಲಿ ಎಂದು ಒಂದು ಗಳಿಗೆ ಯೋಚಿಸಿದೆ. ಯೋಚಿಸಿದ್ದು ದಂಡ.

"ನೀವೆಲ್ಲ ಸೇರಿ ನನ್ನ ಪ್ರಯೋಗ ಹಾಳು ಮಾಡಿದಿರಿ," ಎಂದರು ಅವರಿಗೆ. ಆಮೇಲೆ ನನ್ನ ಕಡೆ ತಿರುಗಿ, ನಾನು ಬಂದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ತನಗೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಬಾಗಿಲ ಹತ್ತಿರ ಕಾಫಿ ತಟ್ಟೆ ಹಿಡಿದು ನಿಂತಿದ್ದ ಅವರ ಹೆಂಡತಿ, ತಟ್ಟೆಯನ್ನು ಕಿಟಕಿಯ ಮೇಲಿಟ್ಟು ನನ್ನ ಹತ್ತಿರ ಬಂದರು. ಯಾವ ಕಾಲು, ಊಟ ಮಾಡುತ್ತಾನಾ, ಹತ್ತಿರ ಯಾರಿದ್ದಾರೆ ಎಂದು ಕೇಳಿದ್ದು ಅವರೊಬ್ಬರೇ.

ಆಪರೇಶನ್ನಿನ ಹಿಂದಿನ ದಿನ ಸರ್ ವಾರ್ಡಿಗೆ ಬಂದರು. ಕೈಯಲ್ಲಿ ಹಣ್ಣು ಹಂಪಲು ಎಂತದೂ ಇಲ್ಲ. ಅಣ್ಣ ಏಳಲಿಕ್ಕೆ ನೋಡಿದ, ನರ್ಸ್ ಮಲಗಿಸಿದರು. ಸರ್ ಕಾಲಿನ ಬ್ಯಾಂಡೇಜನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಮಾತ್ರೆ ಪೂರ್ತಿ ನಿಲ್ಲಿಸಿದ್ದು ಹೌದಾ, ಎಲೆ ದಿನಾ ತಿಂದದ್ದು ಹೌದಾ, ನಡುವೆ ಒಂದು ದಿನವೂ ತಪ್ಪಲಿಲ್ಲವಾ ಎಂದು ಕೇಳಿದರು. ಅಣ್ಣ ಎಲ್ಲದಕ್ಕೂ ಹೌದು ಸರ್ ಎಂದ.

"ಹಾಗಾದರೆ ನಿನ್ನ ರೀಡಿಂಗ್ ಒಂದೇ ಸರಿ ಇದ್ದದ್ದು."

ಅಣ್ಣನ ಮುಖ ಅರಳಿತು. ಹೌದು, ಅರಳಿತು. ನಾಳೆ ಕಾಲು ಕತ್ತರಿಸುತ್ತಾರೆ, ಇವನ ಮುಖದಲ್ಲಿ ನಗು. ಅತ್ತಿಗೆ ಎದ್ದು ಹೊರಗೆ ಹೋದರು.

ಸರ್ ಬೆರಳೆತ್ತಿದರು. "ಆದರೆ ಒಬ್ಬನದ್ದು ಇಟ್ಟುಕೊಂಡು ಎಂತ ಹೇಳಲಿಕ್ಕೂ ಆಗುವುದಿಲ್ಲ," ಎಂದರು. ಬೇಗ ಗುಣ ಆಗಲಿ ಎಂದು ಹೇಳಿ ಹೋದರು. ಒಂದು ತಪ್ಪಾಯಿತು ಎನ್ನುವ ಮಾತು ಬಾಯಿಂದ ಬರಲಿಲ್ಲ. ಅವತ್ತೂ ಇಲ್ಲ, ಮತ್ತೆಯೂ ಇಲ್ಲ.

ಡಾಕ್ಟರು ಕಷ್ಟಪಟ್ಟು ಹಿಮ್ಮಡಿಯ ಕಡೆಯ ಅರ್ಧ ಪಾದ ಉಳಿಸಿದರು. ಈಗ ಅಣ್ಣನಿಗೆ ಒಳಗೆ ದಪ್ಪ ತುಂಬಿಸಿದ ಒಂದು ಬೂಟು ಉಂಟು. ಬಸ್ಸಿನ ಯಜಮಾನರು ಒಳ್ಳೆಯವರು, ಕಾಪು ಬಸ್ ಸ್ಟ್ಯಾಂಡಿನಲ್ಲಿ ಕೂತು ಬಸ್ಸುಗಳ ಟೈಮ್ ನೋಡುವ ಕೆಲಸ ಕೊಟ್ಟಿದ್ದಾರೆ. ಶಿರ್ವ, ಬೆಳ್ಮಣ್, ಕಾರ್ಕಳ ಎಂದು ಈಗಲೂ ಕೂಗುತ್ತಾನೆ, ಕುರ್ಚಿಯಿಂದ. ಬಸ್ಸು ಹೊರಟ ಮೇಲೆ ಹೊಸ ಕಂಡಕ್ಟರ್ ಓಡಿ ಹಾರುತ್ತಾನಲ್ಲ, ಆವಾಗ ಇವನು ಬೇರೆ ಕಡೆ ನೋಡುತ್ತಾನೆ.

ಸರ್ ಭಾನುವಾರದ ಚುಚ್ಚುವ ಕಾರ್ಯಕ್ರಮ ನಿಲ್ಲಿಸಿದರು. ಭಾಷಣ ನಿಲ್ಲಿಸಲಿಲ್ಲ. ಆಮೇಲೆ ಉಡುಪಿಯಲ್ಲಿ ಅವರಿಗೆ ಒಂದು ಸನ್ಮಾನ ಆಯಿತು, ಅದರ ವೀಡಿಯೋ ನನ್ನ ಫೋನಿಗೂ ಬಂತು. ಶಾಲು ಹೊದ್ದುಕೊಂಡು, ನಮ್ಮ ಪ್ರಯೋಗದಲ್ಲಿ ಬಹುತೇಕ ಎಲ್ಲರಿಗೂ ಒಳ್ಳೆಯ ಫಲಿತಾಂಶ ಬಂದಿತ್ತು ಎಂದು ಹೇಳುತ್ತಿದ್ದಾರೆ. ಆ ಬಹುತೇಕ ಎನ್ನುವ ಪದದ ಹೊರಗೆ ಬಿದ್ದವನು ನನ್ನ ಅಣ್ಣ. ಅವರಿಗೆ ಎಲ್ಲ ಗೊತ್ತಿದ್ದು ಹೇಳಿದ ಮಾತು ಅದು. ನಾನು ಅವರನ್ನು ಪೆದ್ದು ಎಂದು ಕ್ಷಮಿಸುವುದನ್ನು ಆವತ್ತು ಬಿಟ್ಟೆ.

ಈ ಎಲೆಗೆ ಗುಣ ಉಂಟಾ ಇಲ್ಲವಾ ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ. ಇರಬಹುದು. ಸರಿಯಾದ ಜಾಗದಲ್ಲಿ ಸರಿಯಾಗಿ ನೋಡುವವರು ನೋಡಲಿ. ಅಷ್ಟು ವರ್ಷ ಅದರ ಹೆಸರಿನಲ್ಲಿ ಶಾಲು ಹೊದ್ದ ಮನುಷ್ಯನಿಗೂ ಗೊತ್ತಾಗಲಿಲ್ಲ. ನನ್ನ ತಕರಾರು ಎಲೆಯ ಮೇಲೆ ಅಲ್ಲ.

ನಾನು ಇದನ್ನು ಬರೆಯದೆ ಬಿಡುತ್ತಿದ್ದೆ ಕೂಡ. ಅಣ್ಣ ಬೇಡ ಎಂದಿದ್ದ. ಹೋದವರು ಹೋದರು, ಬಿಡು ಎಂದಿದ್ದ. ಆದರೆ ಮೊನ್ನೆ ಆ ಟೀಚರ್ ಒಂದು ಪೋಸ್ಟ್ ಹಾಕಿದರು. ಸರ್ ಕೊಟ್ಟ ಎಲೆಯಿಂದಲೇ ನನ್ನ ಶುಗರ್ ಹತೋಟಿಗೆ ಬಂತು, ಅವರ ಋಣ ತೀರಿಸಲಿಕ್ಕೆ ಸಾಧ್ಯ ಇಲ್ಲ ಎಂದು. ಕೆಳಗೆ ಕೈ ಮುಗಿಯುವ ಚಿಹ್ನೆಗಳ ರಾಶಿ. ಅವುಗಳ ನಡುವೆ ಯಾರೋ ಒಬ್ಬಳು, ಗುರುತಿಲ್ಲದವಳು, ನನ್ನ ಅಮ್ಮನಿಗೆ ಬೇಕಿತ್ತು, ಎಲ್ಲಿ ಸಿಗುತ್ತದೆ, ಮಾತ್ರೆ ನಿಲ್ಲಿಸಬೇಕಾ ಎಂದು ಕೇಳಿದ್ದಾಳೆ. ಟೀಚರ್ ಅದಕ್ಕೆ ಒಂದು ಹೂವು ಹಾಕಿದ್ದಾರೆ. ಉತ್ತರ ಇಲ್ಲ.

ನಾನು ಕಾಪುವಿಗೆ ಹೋಗಿ ಅಣ್ಣನಿಗೆ ಫೋನು ತೋರಿಸಿದೆ. ಎರಡು ಸಲ ಓದಿದ. ಬೂಟಿನ ಕಾಲನ್ನು ಕೈಯಿಂದ ಎತ್ತಿ ಈಚೆ ಇಟ್ಟುಕೊಂಡ.

"ನಿನಗೆ ಸರ್ ಮೇಲೆ ಸಿಟ್ಟು. ಸರ್ ಇನ್ನು ಯಾರಿಗೆ ಎಂತ ಮಾಡಲಿಕ್ಕೆ ಉಂಟು? ಈ ಹುಡುಗಿಗೆ ಯಾರಾದರೂ ಹೇಳಬೇಕಲ್ಲ. ಬರಿ."

ಬರೆದಿದ್ದೇನೆ. ಆ ಹುಡುಗಿಗೆ ನೇರವಾಗಿಯೂ ಮೆಸೇಜ್ ಮಾಡಿದ್ದೇನೆ, ಅವಳು ಇನ್ನೂ ನೋಡಿಲ್ಲ.

ಈಗ ನಿಮ್ಮ ಸರದಿ. ಎಲೆ ನಂಬಿ ಮಾತ್ರೆ ಬಿಟ್ಟು ಕಷ್ಟಪಟ್ಟವರು ಬರೆಯಿರಿ ಎಂದು ನಾನು ಕೇಳುವುದಿಲ್ಲ, ನಿಮ್ಮದು ನನಗೆ ಗೊತ್ತುಂಟು. ನನಗೆ ಬೇಕಾದವರು ಬೇರೆ. ಮಾತ್ರೆಯನ್ನೂ ನುಂಗಿ, ಎಲೆಯನ್ನೂ ಅಗಿದು, ಯಾರದ್ದೋ ಜಗಲಿಯಲ್ಲಿ ಕೂತು, ಅವರಿಗೆ ಬೇಜಾರಾಗಬಾರದು ಎಂದು "ಎಲೆಯಿಂದಲೇ ಗುಣ ಆಯಿತು" ಎಂದವರು ನೀವು ಇದ್ದೀರಲ್ಲ, ನೀವು ಬರೆಯಿರಿ. ಹೆಸರು ಹಾಕುವುದು ಬೇಡ, ಊರು ಬೇಡ. ನಾನು ಮಾತ್ರೆ ನಿಲ್ಲಿಸಿರಲಿಲ್ಲ ಎಂದು ಒಂದು ಸಾಲು ಬರೆದರೆ ಸಾಕು. ಓದಬೇಕಾದವಳು ಓದುತ್ತಾಳೆ.